ವರ್ಷದ ನಡುವೆ ಒಂದು ನಂದಿ ಬೇಕು

ಕಾಲೇಜು ಆರಂಭವಾಗುವ ದಿನಗಳಲ್ಲಿ ಪುಸ್ತಕದಂಗಡಿಗಳ ಮುಂದೆ ಕಾಣುವ ಗೆಲುವು ವರ್ಷದ ಎರಡನೆಯ ಅರ್ಧದಲ್ಲಿ ಎಲ್ಲಿ ಅಡಗಿಹೋಗುತ್ತದೆ? ನಮ್ಮ ಶಿಕ್ಷಣ ಚರ್ಚೆಗಳಲ್ಲಿ ಈ ಪ್ರಶ್ನೆ ಏಳುವುದೇ ಅಪರೂಪ. ಪ್ರವೇಶ, ಶುಲ್ಕ, ಫಲಿತಾಂಶ, ಉದ್ಯೋಗ ಇವೆಲ್ಲ ಸುದ್ದಿಯಾಗುತ್ತವೆ. ನಡುವಿನ ತಿಂಗಳುಗಳು ಸುದ್ದಿಯಾಗುವುದಿಲ್ಲ. ಆದರೆ ಸಾಧಾರಣ ವಿದ್ಯಾರ್ಥಿಯೊಬ್ಬ ದಡ ಸೇರುತ್ತಾನೆಯೇ ಇಲ್ಲವೇ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ಸದ್ದಿಲ್ಲದ ಆ ತಿಂಗಳುಗಳಲ್ಲಿಯೇ.

ನಿವೃತ್ತನಾದ ಮೇಲೆ ನಾನು ನಮ್ಮ ಬಡಾವಣೆಗೆ ಸಮೀಪದ ಉಚಿತ ವಿದ್ಯಾರ್ಥಿನಿಲಯವೊಂದರ ಆಡಳಿತ ಸಮಿತಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಬೇರೆ ಬೇರೆ ಜಿಲ್ಲೆಗಳಿಂದ ಬಂದು ಪದವಿ ಓದುತ್ತಿರುವ ಹುಡುಗರು ಅಲ್ಲಿದ್ದಾರೆ. ಅವರಲ್ಲಿ ಹೆಚ್ಚಿನವರು ತಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ನಿಲಯದ ವಾಚನಾಲಯದಲ್ಲಿ ಬಂದು ಕುಳಿತವರು ಸಹಿ ಮಾಡುವ ಒಂದು ರಿಜಿಸ್ಟರ್ ಇದೆ. ಅದರ ಹಾಳೆಗಳನ್ನು ತಿರುವುವುದು ನನಗೆ ಹಳೆಯ ವೃತ್ತಿಯಿಂದ ಬಂದ ಚಾಳಿ. ಪ್ರತಿ ವರ್ಷವೂ ಅದು ಹೇಳುವ ಕಥೆ ಒಂದೇ. ಮೊದಲ ಎರಡು ತಿಂಗಳು ದಿನಕ್ಕೊಂದು ಪುಟ ತುಂಬುತ್ತದೆ. ವರ್ಷದ ಎರಡನೆಯ ಅರ್ಧ ಬರುವ ಹೊತ್ತಿಗೆ ಒಂದೇ ಪುಟದಲ್ಲಿ ವಾರ ಕಳೆಯುತ್ತದೆ. ಪರೀಕ್ಷೆಗೆ ಹದಿನೈದು ದಿನ ಉಳಿದಿರುವಾಗ ಮತ್ತೆ ಕುರ್ಚಿಗಳು ಸಾಲದಾಗುತ್ತವೆ.

ಈ ಇಳಿತಕ್ಕೆ ಮೇಲ್ನೋಟದ ಕಾರಣಗಳು ಹಲವಾರು. ಹಿಂದಿನ ಸೆಮಿಸ್ಟರಿನ ಫಲಿತಾಂಶ ಬಂದು ಕೆಲವರ ಎದೆಗುಂದಿರುತ್ತದೆ; ಇನ್ನು ಕೆಲವರಿಗೆ ಅದು ಬಂದೇ ಇರುವುದಿಲ್ಲ. ಕಾಲೇಜಿನ ಕ್ರೀಡಾಕೂಟ, ವಾರ್ಷಿಕೋತ್ಸವಗಳು ನಡೆಯುವುದು ಆಗಲೇ. ಊರ ಜಾತ್ರೆ, ಯುಗಾದಿ, ಮದುವೆಗಳ ಕಾಲವೂ ಅದೇ. 2008ರಿಂದೀಚೆಗೆ ಐಪಿಎಲ್ ಪಂದ್ಯಗಳು ಬೇಸಿಗೆಯ ಸಂಜೆಗಳನ್ನು ಆಕ್ರಮಿಸಿಕೊಂಡಿವೆ. ಕಲಬುರಗಿ, ರಾಯಚೂರಿನ ಕಡೆ ಬಿಸಿಲು 40 ಡಿಗ್ರಿ ದಾಟಿದ ಮೇಲೆ ತಗಡಿನ ಮಾಡಿನ ಕೆಳಗೆ ಓದು ಎಂಬ ಮಾತೇ ಕಷ್ಟ. ಇವೆಲ್ಲದರ ಜೊತೆಗೆ ಕೈಯಲ್ಲೊಂದು ಮೊಬೈಲ್ ಇದ್ದೇ ಇದೆ.

ಹಿರಿಯರಾದ ನಾವು ಇದಕ್ಕೆ ಕೊಡುವ ವಿವರಣೆ ಮಾತ್ರ ಬಹಳ ಸರಳ. ಆರಂಭಶೂರತ್ವ ಎಂಬ ಒಂದು ಪದದಲ್ಲಿ ಮಕ್ಕಳ ಮೇಲಿನ ಮೊಕದ್ದಮೆಯನ್ನು ತೀರ್ಮಾನಿಸಿಬಿಡುತ್ತೇವೆ. ಬೆನ್ನಿಗೇ ಬೀದಿದೀಪದ ಕೆಳಗೆ ಓದಿ ದೊಡ್ಡವರಾದವರ ಕಥೆಗಳನ್ನು ಹೇಳುತ್ತೇವೆ. ಆ ಕಥೆಗಳಲ್ಲಿ ಛಲ ಇರುತ್ತದೆ. ಆದರೆ ಆ ಛಲವನ್ನು ಹತ್ತು ತಿಂಗಳ ಕಾಲ ಕಾಪಾಡಿಕೊಂಡದ್ದು ಹೇಗೆ, ಸೋಮವಾರ ಬೆಳಿಗ್ಗೆ ಅವರನ್ನು ಎಬ್ಬಿಸಿದವರು ಯಾರು ಎಂಬ ವಿವರ ಇರುವುದಿಲ್ಲ. ಉತ್ಸಾಹವೆಂಬುದು ಹುಟ್ಟುವಾಗಲೇ ಕೆಲವರು ತಂದುಕೊಂಡ ಆಸ್ತಿ, ಉಳಿದವರಿಗೆ ಅದಿಲ್ಲ ಎಂಬ ತಪ್ಪು ಅಭಿಪ್ರಾಯವನ್ನಷ್ಟೇ ಅವು ಉಳಿಸಿಹೋಗುತ್ತವೆ.

ಮಕ್ಕಳನ್ನು ದೂರುವ ಮೊದಲು ನಮ್ಮ ಕಚೇರಿಗಳನ್ನು ನೋಡಿಕೊಳ್ಳುವುದು ಒಳ್ಳೆಯದು. ಮಾರ್ಚ್ 31ರಂದು ಯಾವುದಾದರೂ ಜಿಲ್ಲಾ ಖಜಾನೆಗೆ ಹೋದವರಿಗೆ ಅಲ್ಲಿನ ದೃಶ್ಯ ಗೊತ್ತಿರುತ್ತದೆ. ಏಪ್ರಿಲ್‌ನಲ್ಲಿ ಹಂಚಿಕೆಯಾದ ಅನುದಾನ ಹತ್ತು ತಿಂಗಳು ನಿದ್ರಿಸಿ ಕೊನೆಯ ವಾರದಲ್ಲಿ ಬಿಲ್ಲುಗಳ ರೂಪದಲ್ಲಿ ಎದ್ದು ಕುಳಿತಿರುತ್ತದೆ. ಈ ಪ್ರವೃತ್ತಿಯನ್ನು ತಡೆಯಲು ಕೇಂದ್ರ ಹಣಕಾಸು ಸಚಿವಾಲಯವು ಕೊನೆಯ ತ್ರೈಮಾಸಿಕದ ವೆಚ್ಚ ಬಜೆಟ್ ಅಂದಾಜಿನ ಶೇ 33ನ್ನು, ಮಾರ್ಚ್ ಒಂದೇ ತಿಂಗಳ ವೆಚ್ಚ ಶೇ 15ನ್ನು ಮೀರಬಾರದೆಂದು ಇಲಾಖೆಗಳಿಗೆ ಮಿತಿ ಹಾಕಬೇಕಾಯಿತು. ಸ್ಪರ್ಧಾ ಪರೀಕ್ಷೆಗಳನ್ನು ಗೆದ್ದು ಬಂದ ಅಧಿಕಾರಿಗಳ ಸ್ಥಿತಿಯೇ ಹೀಗಿದ್ದರೆ ಹತ್ತೊಂಬತ್ತು ವರ್ಷದ ಹುಡುಗನನ್ನು ಮಾತ್ರ ಸೋಮಾರಿ ಎಂದು ಕರೆಯುವುದು ನ್ಯಾಯವಲ್ಲ. ಸಚಿವಾಲಯವು ಅಧಿಕಾರಿಗಳಿಗೆ ಉಪದೇಶ ಮಾಡಿ ಸುಮ್ಮನಾಗಲಿಲ್ಲ, ವರ್ಷವನ್ನು ಭಾಗ ಮಾಡಿ ಪ್ರತಿ ಭಾಗಕ್ಕೂ ಲೆಕ್ಕ ಕೇಳಿತು ಎಂಬುದನ್ನೂ ಗಮನಿಸಬೇಕು.

ನಾನು ಓದಿದ ಅರ್ಥಶಾಸ್ತ್ರದಲ್ಲಿಯೂ ಇದಕ್ಕೊಂದು ಸ್ವಾರಸ್ಯಕರ ಸಾಕ್ಷ್ಯವಿದೆ. 2001ರ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡವರಲ್ಲಿ ಇಬ್ಬರು ಜಾರ್ಜ್ ಅಕರ್ಲಾಫ್ ಮತ್ತು ಜೋಸೆಫ್ ಸ್ಟಿಗ್ಲಿಟ್ಜ್. ಅಕರ್ಲಾಫ್ 1960ರ ದಶಕದ ಕೊನೆಯಲ್ಲಿ ಒಂದು ವರ್ಷ ಭಾರತದಲ್ಲಿದ್ದರು. ಅವರನ್ನು ನೋಡಲು ಬಂದಿದ್ದ ಸ್ಟಿಗ್ಲಿಟ್ಜ್ ಬಟ್ಟೆಗಳ ಪೆಟ್ಟಿಗೆಯೊಂದನ್ನು ಇಲ್ಲಿ ಬಿಟ್ಟುಹೋದರು. ಅದನ್ನು ಅಮೆರಿಕಕ್ಕೆ ಕಳುಹಿಸುವ ಜವಾಬ್ದಾರಿ ಅಕರ್ಲಾಫ್ ಅವರ ಮೇಲೆ ಬಿತ್ತು. ನಾಳೆ ಕಳುಹಿಸೋಣ ಎಂದು ಪ್ರತಿದಿನ ಬೆಳಿಗ್ಗೆ ಅಂದುಕೊಳ್ಳುತ್ತಾ ಅವರು ಎಂಟು ತಿಂಗಳಿಗೂ ಹೆಚ್ಚು ಕಾಲ ಕಳೆದರು. ಆ ಕೆಲಸಕ್ಕೆ ಒಂದಿಡೀ ದಿನ ಹಿಡಿಯಬಹುದೆಂಬ ಅವರ ಅಂಜಿಕೆಗೆ ನಮ್ಮ ಸರ್ಕಾರಿ ಕಚೇರಿಗಳ ನಿಧಾನಗತಿಯೂ ಕಾರಣವಾಗಿತ್ತೆಂಬುದನ್ನು ಅದೇ ವರ್ಗಕ್ಕೆ ಸೇರಿದ ನಾನು ಮರೆಮಾಚಲಾರೆ. 1991ರ ಪ್ರಸಿದ್ಧ ಉಪನ್ಯಾಸವೊಂದರಲ್ಲಿ ಅಕರ್ಲಾಫ್ ಈ ಪ್ರಸಂಗವನ್ನು ಹೇಳಿ, ಅದರಿಂದಲೇ ಒಂದು ಸಿದ್ಧಾಂತವನ್ನು ಬೆಳೆಸಿದರು. ಇಂದಿನ ಶ್ರಮ ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಮುಂದೂಡಿದ್ದರಿಂದ ಆಗುವ ನಷ್ಟ ದಿನಕ್ಕೆ ಇಷ್ಟಿಷ್ಟೇ ಆದದ್ದರಿಂದ ಕಾಣುವುದೇ ಇಲ್ಲ. ಒಂದೊಂದು ದಿನದ ನಿರ್ಧಾರವೂ ಸಮಂಜಸವೆಂದೇ ತೋರುತ್ತದೆ, ಒಟ್ಟು ಮೊತ್ತ ಮಾತ್ರ ಅನರ್ಥ.

ಕೆಲವು ದಶಕಗಳ ಹಿಂದೆ ನಮ್ಮ ಊರುಗಳಲ್ಲಿ ದೆವ್ವವನ್ನು ಸಾಗಹಾಕಲು ಬಾಗಿಲಿನ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದುದನ್ನು ಹಲವರು ನೋಡಿರಬಹುದು. ಬಂದ ದೆವ್ವ ಅದನ್ನು ಓದಿ ಹಿಂದಿರುಗಿ ಮರುದಿನ ಬರುತ್ತದೆ, ಮತ್ತೆ ಅದನ್ನೇ ಓದುತ್ತದೆ ಎಂಬುದು ನಂಬಿಕೆ. ವರ್ಷದ ಎರಡನೆಯ ಅರ್ಧದಲ್ಲಿ ವಿದ್ಯಾರ್ಥಿಯ ಪಠ್ಯಪುಸ್ತಕದ ಮೇಲೂ ಇಂತಹುದೇ ಅದೃಶ್ಯ ಬರಹವೊಂದು ಇರುತ್ತದೆ.

ಹಾಗಾದರೆ ನಡುವಿನಲ್ಲಿಯೇ ಏಕೆ ಹೀಗಾಗುತ್ತದೆ? ಅಮೆರಿಕದ ಮನಶ್ಶಾಸ್ತ್ರಜ್ಞ ಕ್ಲಾರ್ಕ್ ಹಲ್ 1930ರ ದಶಕದಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಓಟದ ಹಾದಿಯ ತುದಿಯಲ್ಲಿರುವ ಆಹಾರ ಹತ್ತಿರವಾದಂತೆ ಅವುಗಳ ವೇಗ ಹೆಚ್ಚುವುದನ್ನು ಕಂಡರು. ಗುರಿ ಸಮೀಪಿಸಿದಾಗ ಹುರುಪು ಏರುತ್ತದೆ. ಹೊರಟ ಹೊಸತರಲ್ಲಿ ಹೊಸತನವೇ ಬಲ ಕೊಡುತ್ತದೆ. ನಡುಹಾದಿಯಲ್ಲಿ ಮಾತ್ರ ಹೊರಟ ಸಂಭ್ರಮ ಹಿಂದೆ ಉಳಿದಿರುತ್ತದೆ, ಮುಟ್ಟುವ ತುದಿ ಇನ್ನೂ ಕಂಡಿರುವುದಿಲ್ಲ. ಆ ಹಂತದಲ್ಲಿ ಕಾಲು ಎಳೆಯುವುದು ಜೀವಸಹಜವೆಂದೇ ಹೇಳಬೇಕು.

ಈ ಸತ್ಯ ನಮ್ಮ ಹಿಂದಿನವರಿಗೂ ತಿಳಿದಿತ್ತೆನಿಸುತ್ತದೆ. ಮೈಸೂರಿನ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಕಟ್ಟಿಸಿದವರು 17ನೆಯ ಶತಮಾನದ ದೊಡ್ಡ ದೇವರಾಜ ಒಡೆಯರು. ಸುಮಾರು 700 ಮೆಟ್ಟಿಲು ಏರಿದ ಮೇಲೆ ಏಕಶಿಲೆಯ ಬೃಹತ್ ನಂದಿ ಎದುರಾಗುತ್ತದೆ. ಬೆಟ್ಟ ಹತ್ತುವವರನ್ನು ಗಮನಿಸಿದರೆ ತಿಳಿಯುತ್ತದೆ: ಕೆಳಗಿನ ಮೆಟ್ಟಿಲುಗಳಲ್ಲಿ ಏದುಸಿರು ಬಿಡುವವರು ದೇವಸ್ಥಾನ ಇನ್ನೂ ಎಷ್ಟು ದೂರ ಎಂದು ಕೇಳುವುದಿಲ್ಲ, ನಂದಿ ಇನ್ನೂ ಎಷ್ಟು ದೂರ ಎಂದು ಕೇಳುತ್ತಾರೆ. ಅಲ್ಲಿ ಕುಳಿತು ನೀರು ಕುಡಿದು ಕೆಳಗಿನ ಊರನ್ನು ನೋಡಿ ಎದ್ದವರು ಉಳಿದ ಮುನ್ನೂರು ಮೆಟ್ಟಿಲುಗಳನ್ನು ಲೆಕ್ಕಕ್ಕೇ ಇಡುವುದಿಲ್ಲ. ನಮ್ಮ ಕಾಲೇಜು ವರ್ಷದಲ್ಲಿ ಇಲ್ಲದಿರುವುದು ಆ ನಂದಿ.

ಗಡುವುಗಳನ್ನು ಹಂಚಿಟ್ಟರೆ ಏನಾಗುತ್ತದೆ ಎಂಬುದನ್ನು ಡ್ಯಾನ್ ಏರಿಯಲಿ ಮತ್ತು ಕ್ಲಾಸ್ ವರ್ಟೆನ್‌ಬ್ರೋಕ್ ಎಂಬ ಸಂಶೋಧಕರು ಅಮೆರಿಕದ ಎಂಐಟಿಯಲ್ಲಿ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. ಒಂದು ತರಗತಿಯವರಿಗೆ ಮೂರು ಪ್ರಬಂಧಗಳನ್ನು ಸಲ್ಲಿಸಲು ಸಮಾನ ಅಂತರದ ಮೂರು ದಿನಾಂಕಗಳನ್ನು ನಿಗದಿ ಮಾಡಲಾಯಿತು. ಇನ್ನೊಂದು ತರಗತಿಯವರು ತಮ್ಮ ದಿನಾಂಕಗಳನ್ನು ತಾವೇ ಆರಿಸಿಕೊಂಡರು. ಬೇಕಿದ್ದರೆ ಮೂರನ್ನೂ ಕೊನೆಯ ದಿನಕ್ಕೇ ಇಟ್ಟುಕೊಳ್ಳಬಹುದಿತ್ತು. ತಡವಾದರೆ ಅಂಕ ಕಡಿತವಿದ್ದರೂ ಅವರಲ್ಲಿ ಬಹುಪಾಲು ಮಂದಿ ಗಡುವುಗಳನ್ನು ಕೊನೆಯ ದಿನಕ್ಕಿಂತ ಮುಂಚಿತವಾಗಿಯೇ ಹಾಕಿಕೊಂಡರು. ತಮ್ಮ ದೌರ್ಬಲ್ಯದ ಅರಿವು ಅವರಿಗಿತ್ತೆಂದಾಯಿತು. ಆದರೂ ಹೊರಗಿನಿಂದ ಸಮನಾಗಿ ಹಂಚಿಕೊಟ್ಟ ಗಡುವುಗಳಿದ್ದವರು ಅವರಿಗಿಂತ ಉತ್ತಮ ಶ್ರೇಣಿ ಪಡೆದರು. ಸ್ವಯಂಶಿಸ್ತು ಒಳ್ಳೆಯದೇ, ಹೊರಗಿನ ಆಸರೆ ಸಿಕ್ಕರೆ ಅದು ಇನ್ನೂ ಚೆನ್ನಾಗಿ ದುಡಿಯುತ್ತದೆ.

ಆಸರೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನಿಲಯದ್ದೇ ಒಂದು ಉದಾಹರಣೆ ಕೊಡುತ್ತೇನೆ. ಕಲಬುರಗಿ ಕಡೆಯ ಹುಡುಗನೊಬ್ಬ ನಾಲ್ಕನೆಯ ಸೆಮಿಸ್ಟರಿನಲ್ಲಿದ್ದಾಗ ಅಕ್ಕನ ಮದುವೆಗೆಂದು ಊರಿಗೆ ಹೋಗಿ ಹದಿನೈದು ದಿನದ ಮೇಲೆ ಬಂದ. ಬಂದವನು ಕಾಲೇಜಿಗೆ ಹೋಗಲಿಲ್ಲ. ಪಟ್ಟಿಯಲ್ಲಿ ಅವನ ಹೆಸರು ಬಂದ ಮೇಲೆ ಕರೆದು ವಿಚಾರಿಸಿದಾಗ ಅವನು ಹೇಳಿದ್ದು ಇಷ್ಟೆ: "ಸರ್, ಹದಿನೈದು ದಿನ ಹೋಗಿಲ್ರೀ. ಈಗ ಹೋದ್ರ ಏನ್ ತಿಳೀತದ್ರೀ ಅಂತ ಕುಂತೆ. ಹಂಗೇ ಉಳದುಬಿಟ್ಟೆ."

ನಾನು ಅವನ ಹಾಜರಾತಿಯ ಲೆಕ್ಕ ತರಿಸಿ ನೋಡಿದೆ. ಸೆಮಿಸ್ಟರಿಗೆ 90 ಬೋಧನಾ ದಿನಗಳು ಎಂಬುದು ಯುಜಿಸಿಯ ಮಾನದಂಡ. ಪರೀಕ್ಷೆಗೆ ಕೂರಲು ಬೇಕಾದದ್ದು ಶೇ 75 ಹಾಜರಾತಿ. ಅಂದರೆ 68 ದಿನ ಹಾಜರಿದ್ದರೆ ಸಾಕು, 22 ದಿನಗಳ ರಿಯಾಯಿತಿ ಇದೆ. ಊರಿಗೆ ಹೋಗುವ ಮೊದಲು ಅವನು ತಪ್ಪಿಸಿದ್ದು 5 ದಿನ. ಮದುವೆಯ ಅವಧಿಯಲ್ಲಿ ತಪ್ಪಿದ ತರಗತಿಯ ದಿನಗಳು 12. ಹಿಂದಿರುಗಿದ ದಿನ ಅವನ ಖಾತೆಯಲ್ಲಿ ಇನ್ನೂ 5 ದಿನಗಳ ಶಿಲ್ಕಿತ್ತು. ಅವನನ್ನು ಮುಳುಗಿಸಿದ್ದು ಮದುವೆಯಲ್ಲ, ಬಂದ ಮೇಲೆ ಕೋಣೆಯಲ್ಲಿ ಸಂಕೋಚದಿಂದ ಕಳೆದ 9 ದಿನಗಳು. ನಾಲ್ಕು ದಿನಗಳ ಕೊರತೆಯಿಂದ ಪರೀಕ್ಷೆ ಕೈತಪ್ಪಿತು. ಆತ ಈಗ ಇದೇ ನಗರದಲ್ಲಿ ಬೈಕಿನ ಮೇಲೆ ಮನೆಮನೆಗೆ ಊಟದ ಪೊಟ್ಟಣ ತಲುಪಿಸುತ್ತಾನೆ. ಬರುವ ವರ್ಷ ಸೇರುತ್ತೇನೆ ಎನ್ನುತ್ತಾನೆ.

ನಮ್ಮಂಥವರ ಮನೆಯ ಮಕ್ಕಳಿಗೆ ಒಂದು ಸೆಮಿಸ್ಟರ್ ಕೆಟ್ಟರೆ ಟ್ಯೂಷನ್ ಇದೆ, ಮರುಪರೀಕ್ಷೆ ಇದೆ, ಕಾಯುವಷ್ಟು ಅನುಕೂಲವಿದೆ. ಮೊದಲ ತಲೆಮಾರಿನ ವಿದ್ಯಾರ್ಥಿಗೆ ಅದಿಲ್ಲ. ವಿದ್ಯಾರ್ಥಿವೇತನ ನಿಲ್ಲುತ್ತದೆ, ನಿಲಯದ ಸ್ಥಾನ ಹೋಗುತ್ತದೆ. ಹೆಣ್ಣುಮಗಳಾದರೆ ಕಾಲೇಜು ತಪ್ಪಿದ ತಿಂಗಳಲ್ಲಿಯೇ ಮನೆಯಲ್ಲಿ ಗಂಡು ನೋಡುವ ಮಾತು ಶುರುವಾಗುತ್ತದೆ. ಹೀಗಾಗಿ ವರ್ಷದ ನಡುವಿನ ಉತ್ಸಾಹ ಎಂಬುದು ವ್ಯಕ್ತಿತ್ವ ವಿಕಸನದ ಶಿಬಿರಗಳಿಗೆ ಬಿಟ್ಟು ಕೈತೊಳೆದುಕೊಳ್ಳುವ ವಿಷಯವಲ್ಲ.

ವಿದ್ಯಾರ್ಥಿ ತಾನೇ ಮಾಡಿಕೊಳ್ಳಬಹುದಾದದ್ದು ಏನು? ಮೊದಲನೆಯದು, ಲೆಕ್ಕ ತಿಳಿದಿರಬೇಕು. ಎಷ್ಟು ದಿನ ಹಾಜರಾಗಿದ್ದೇನೆ, ಎಷ್ಟು ಘಟಕಗಳು ಉಳಿದಿವೆ, ಆಂತರಿಕ ಅಂಕ ಎಷ್ಟು ಬಂದಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಕಣ್ಣೆದುರು ಅಂಟಿಸಿಕೊಂಡರೆ ಅರ್ಧ ಭಯ ಕಡಿಮೆಯಾಗುತ್ತದೆ. ಲೆಕ್ಕ ತಿಳಿಯದವನಿಗೆ ಸಣ್ಣ ಸಾಲವೂ ಬೆಟ್ಟವಾಗಿ ಕಾಣುತ್ತದೆ. ಎರಡನೆಯದು, ಉಳಿದಿರುವುದನ್ನು ವಾರಗಳಾಗಿ ಒಡೆಯಬೇಕು. ನಾಲ್ಕು ಪತ್ರಿಕೆ, ಪ್ರತಿಯೊಂದರಲ್ಲಿ ಮೂರು ಘಟಕ ಬಾಕಿಯಿದ್ದರೆ ಒಟ್ಟು ಹನ್ನೆರಡು ಘಟಕ. ಎಂಟು ವಾರವಿದ್ದರೆ ವಾರಕ್ಕೆ ಒಂದೂವರೆ. 'ಇಡೀ ಸಿಲಬಸ್' ಎಂಬ ಮಾತು ಹೆದರಿಸುತ್ತದೆ, 'ಈ ವಾರ ಒಂದೂವರೆ ಘಟಕ' ಎಂಬುದು ಹೆದರಿಸುವುದಿಲ್ಲ. ಮೂರನೆಯದು, ಕೆಟ್ಟುಹೋದ ವಾರವನ್ನು ವಸೂಲಾಗದ ಸಾಲದಂತೆ ಪುಸ್ತಕದಿಂದ ಹೊಡೆದುಹಾಕಿ ಮುಂದೆ ಹೋಗಬೇಕು. ಕಳೆದದ್ದನ್ನೆಲ್ಲ ತೀರಿಸಿದ ಮೇಲೆಯೇ ತರಗತಿಗೆ ಹೋಗುತ್ತೇನೆ ಎಂಬ ಹಟ ನಮ್ಮ ಕಲಬುರಗಿಯ ಹುಡುಗನ ದಾರಿಗೆ ಒಯ್ಯುತ್ತದೆ. ಅರ್ಥವಾಗದಿದ್ದರೂ ಇಂದಿನ ತರಗತಿಯಲ್ಲಿ ಹೋಗಿ ಕೂರುವುದೇ ಹಿಂದಿನದನ್ನು ಹಿಡಿಯುವ ಹತ್ತಿರದ ದಾರಿ.

ಇವುಗಳಿಗಿಂತಲೂ ಬಲವಾದದ್ದು ಜೊತೆ. ನಮ್ಮ ನಿಲಯದಲ್ಲಿ ಮೂವರು ಬಿ.ಕಾಂ. ವಿದ್ಯಾರ್ಥಿಗಳು ರಾತ್ರಿ ಎಂಟರಿಂದ ಒಂಬತ್ತೂವರೆಯವರೆಗೆ ಒಂದೇ ಮೇಜಿನಲ್ಲಿ ಕೂರುವ ಒಪ್ಪಂದ ಮಾಡಿಕೊಂಡರು. ಒಬ್ಬ ಬಾರದಿದ್ದರೆ ಉಳಿದಿಬ್ಬರು ಅವನ ಕೋಣೆಯ ಬಾಗಿಲು ತಟ್ಟಬೇಕು ಎಂಬುದು ಅದರ ಏಕೈಕ ನಿಯಮ. ಅವರಲ್ಲಿ ಯಾರೂ ರ‍್ಯಾಂಕ್ ಗಳಿಸಲಿಲ್ಲ, ಮೂವರೂ ಎಲ್ಲ ಪತ್ರಿಕೆಗಳಲ್ಲಿ ತೇರ್ಗಡೆಯಾದರು. ಮನಸ್ಸಿದ್ದ ದಿನ ಎಲ್ಲರೂ ಓದುತ್ತಾರೆ. ಮನಸ್ಸಿಲ್ಲದ ದಿನ ಕೂರಿಸುವುದು ಯಾರೋ ಕಾಯುತ್ತಿದ್ದಾರೆಂಬ ಅರಿವು. ಕೂತ ಮೇಲೆ ಹತ್ತು ನಿಮಿಷಕ್ಕೆ ಮನಸ್ಸೂ ಬಂದು ಪಕ್ಕದಲ್ಲಿ ಕೂರುವುದನ್ನು ಬಹಳ ಸಲ ಕಂಡಿದ್ದೇನೆ.

ತಂದೆತಾಯಿಗಳಿಗೂ ಒಂದು ಮಾತು. 'ಎಷ್ಟು ಅಂಕ ಬಂತು' ಎಂದು ವರ್ಷಕ್ಕೆರಡು ಬಾರಿ ಕೇಳುವುದಕ್ಕಿಂತ 'ಇಂದು ತರಗತಿಯಲ್ಲಿ ಏನು ನಡೆಯಿತು' ಎಂದು ವಾರಕ್ಕೆರಡು ಬಾರಿ ಕೇಳುವುದು ಹೆಚ್ಚು ಉಪಕಾರಿ. ಪಾಠವನ್ನು ನಾವು ಅರ್ಥಮಾಡಿಕೊಳ್ಳಬೇಕಾಗಿಲ್ಲ; ಕೇಳುವವರಿದ್ದಾರೆ ಎಂದು ಮಕ್ಕಳಿಗೆ ತಿಳಿದರೆ ಸಾಕು. ಆದರೆ ಮಗ ಅಥವಾ ಮಗಳು ವಾರಗಟ್ಟಲೆ ನಿದ್ರೆ, ಊಟ, ಗೆಳೆಯರ ಸಹವಾಸ ಎಲ್ಲವನ್ನೂ ಬಿಟ್ಟು ಕುಳಿತಿದ್ದರೆ ಅದನ್ನು ಸೋಮಾರಿತನವೆಂದು ಗದರಿಸುವುದು ಅಪಾಯಕಾರಿ. ಅದು ಕಾಯಿಲೆಯಾಗಿರಬಹುದು, ಅದಕ್ಕೆ ವೈದ್ಯರು ಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆ ಉಚಿತವಾಗಿದ್ದು, ಕನ್ನಡದಲ್ಲಿಯೂ ನೆರವು ದೊರೆಯುತ್ತದೆ.

ಇನ್ನುಳಿದದ್ದು ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಪಾಲು. ನಾವು ಓದುವಾಗ ವರ್ಷಕ್ಕೊಂದೇ ಪರೀಕ್ಷೆ. ಆ ಉದ್ದದ ಏರನ್ನು ಎರಡು ಮಾಡಿ ನಡುವೆ ವಿರಾಮ ಕೊಡಬೇಕೆಂಬುದೇ ಸೆಮಿಸ್ಟರ್ ಪದ್ಧತಿಯ ಉದ್ದೇಶವಾಗಿತ್ತು. ಆದರೆ ಸೆಮಿಸ್ಟರಿನ ಒಳಗೆ ನಂದಿಯಂತೆ ನಿಲ್ಲಬೇಕಾದ ಆಂತರಿಕ ಪರೀಕ್ಷೆಗಳು ಅನೇಕ ಕಡೆ ಕೊನೆಯ ವಾರದ ಶಾಸ್ತ್ರವಾಗಿವೆ. ಒಬ್ಬ ಬರೆದ ಅಸೈನ್‌ಮೆಂಟನ್ನು ಮೂವತ್ತು ಜನ ನಕಲು ಮಾಡಿ ಒಂದೇ ದಿನ ಒಪ್ಪಿಸುತ್ತಾರೆ. ಉತ್ತರಪತ್ರಿಕೆಗಳು ವಿದ್ಯಾರ್ಥಿಯ ಕೈಗೆ ಮರಳಿ ಬರುವುದೇ ಇಲ್ಲ. ಇಪ್ಪತ್ತು ವಿದ್ಯಾರ್ಥಿಗಳಿಗೊಬ್ಬ ಮಾರ್ಗದರ್ಶಿ ಶಿಕ್ಷಕ ಎಂಬ ಒಳ್ಳೆಯ ಕಲ್ಪನೆ ನ್ಯಾಕ್ ತಂಡ ಬಂದಾಗ ತೋರಿಸುವ ಕಡತವಾಗಿ ಉಳಿದಿದೆ.

ಮೇಲಾಗಿ ದಿನಾಂಕಗಳ ಅನಿಶ್ಚಿತತೆ ಇದೆ. ಪರೀಕ್ಷೆ ಮುಂದಕ್ಕೆ ಹೋಗಬಹುದೆಂಬ ಗಾಳಿಮಾತೊಂದು ಸಾಕು, ವಾಚನಾಲಯ ಬರಿದಾಗುತ್ತದೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಬೋಧನೆಯ ದೊಡ್ಡ ಪಾಲು ನಿಂತಿರುವುದು ಅತಿಥಿ ಉಪನ್ಯಾಸಕರ ಮೇಲೆ. ಸೇವಾಭದ್ರತೆಗಾಗಿ 2023ರ ನವೆಂಬರಿನಲ್ಲಿ ಅವರು ಮುಷ್ಕರ ಹೂಡಿದಾಗ ವಾರಗಟ್ಟಲೆ ತರಗತಿಗಳು ಕುಂಠಿತವಾದವು. ತಾನೇ ಮುಂದಿನ ವರ್ಷ ಇರುತ್ತೇನೋ ಇಲ್ಲವೋ ತಿಳಿಯದ ಉಪನ್ಯಾಸಕ, ಪರೀಕ್ಷೆ ಯಾವಾಗಲೋ ತಿಳಿಯದ ವಿದ್ಯಾರ್ಥಿ, ಇವರಿಬ್ಬರಲ್ಲಿ ಯಾರಿಂದ ಯಾರು ಉತ್ಸಾಹ ಪಡೆಯಬೇಕು?

ಬೋಧಕರ ನೇಮಕಾತಿಗೆ ಹಣ ಬೇಕು, ಕಾಲ ಬೇಕು. ಆದರೆ ಮಾಡಬೇಕಾದ ಕೆಲವು ಕೆಲಸಗಳಿಗೆ ಬಜೆಟ್ಟಿನಲ್ಲಿ ಒಂದು ರೂಪಾಯಿಯೂ ಬೇಕಿಲ್ಲ. ಸೆಮಿಸ್ಟರಿನ ಮೊದಲ ದಿನವೇ ಎರಡು ಆಂತರಿಕ ಪರೀಕ್ಷೆಗಳ ಹಾಗೂ ಅಂತಿಮ ಪರೀಕ್ಷೆಯ ದಿನಾಂಕಗಳನ್ನು ಪ್ರಕಟಿಸಿ ಅವುಗಳಿಗೆ ಬದ್ಧವಾಗಿರುವುದು. ಉತ್ತರಪತ್ರಿಕೆಗಳನ್ನು ಹತ್ತು ದಿನದೊಳಗೆ ಹಿಂದಿರುಗಿಸುವುದು. ಹಾಜರಾತಿಯ ಪಟ್ಟಿಯನ್ನು ಪರೀಕ್ಷೆಯ ಹೊಸ್ತಿಲಲ್ಲಿ ತೀರ್ಪಿನಂತೆ ಹಾಕುವ ಬದಲು ಪ್ರತಿ ಹದಿನೈದು ದಿನಕ್ಕೊಮ್ಮೆ ಮುನ್ಸೂಚನೆಯಂತೆ ಹಾಕುವುದು. ನಮ್ಮ ನಿಲಯದಲ್ಲಿ ಈಗ ಪ್ರತಿ ಹುಡುಗನ ಹೆಸರಿನ ಮುಂದೆ ತಪ್ಪಿದ ದಿನಗಳ ಬದಲು ಉಳಿದಿರುವ ದಿನಗಳನ್ನು ಬರೆಯುತ್ತೇವೆ. ಮೂರು ದಿನ ಸತತ ಬಾರದವನಿಗೆ ಕಾಲೇಜಿನಿಂದ ಒಂದು ಕರೆ ಹೋಗಬೇಕು: 'ಏಕೆ ಬರಲಿಲ್ಲ' ಎಂದಲ್ಲ, 'ನಾಳೆ ಬಾರಪ್ಪ, ನಿನಗಿನ್ನೂ ಐದು ದಿನ ಉಳಿದಿವೆ' ಎಂದು. ಬಾಗಿಲ ಮೇಲಿನ 'ನಾಳೆ ಬಾ' ಹೊರಗಟ್ಟುವ ಮಾತಾಗಿತ್ತು. ಶಿಕ್ಷಕರ ಬಾಯಲ್ಲಿ ಅದೇ ಮಾತು ಒಳಗೆ ಕರೆಯುವ ಮಾತಾಗಬಲ್ಲದು.